ಪಾಠ ಮುಗಿಯುವ ಮುಂಚೆ ಒಂದು ಚೀಟಿ

ಶಿಕ್ಷಕ ಬಂಧುಗಳೇ, ವರ್ಷಕ್ಕೆ 4 ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ, ಅಂದರೆ ಕಲಿಕೆಯ ನಡುವೆ ಮಾಡುವ ಪರೀಕ್ಷೆ) ಮಾಡಿ ಅಂಕ ತುಂಬುತ್ತೇವೆ. ಆದರೆ ಮಗು ಎಲ್ಲಿ ಎಡವಿತು ಅಂತ ಅವತ್ತೇ ಗೊತ್ತಾಗಬೇಕು, ಅಲ್ವಾ? ನಾನು ಮುಧೋಳದ ಕಡೆ ಹಳ್ಳಿ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಕೊನೆಯ 5 ನಿಮಿಷದಲ್ಲಿ ಒಂದೇ ಲೆಕ್ಕ ಕೊಟ್ಟು ಚೀಟಿಯಲ್ಲಿ ಬರೆಸುತ್ತೇನೆ.

ಮೊನ್ನೆ 1/2 + 1/3 ಕೊಟ್ಟೆ. ಜಾಸ್ತಿ ಮಕ್ಕಳು 2/5 ಅಂತ ಬರೆದಿದ್ದರು. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿಬಿಟ್ಟಿದ್ದರು. ಮರುದಿನ ಹೊಸ ಪಾಠ ಬಿಟ್ಟು ಜೋಳದ ರೊಟ್ಟಿ ತಂದೆ. 'ಅರ್ಧ ರೊಟ್ಟಿಗೆ ಇನ್ನೊಂದು ತುಂಡು ಸೇರಿಸಿದರೆ ಅರ್ಧಕ್ಕಿಂತ ಕಡಿಮೆ ಆಗುತ್ತಾ?' ಅಂದೆ. 'ಇಲ್ರೀ ಸರ್!' ಆಮೇಲೆ ರೊಟ್ಟಿಯನ್ನು 6 ಸಮಭಾಗ ಮಾಡಿದೆವು. 1/2 ಅಂದರೆ 3 ತುಂಡು, 1/3 ಅಂದರೆ 2 ತುಂಡು, ಒಟ್ಟು 5/6. ತಾವೇ ಎಣಿಸಿ ಹೇಳಿದರು.

ಚೀಟಿಗೆ ಅಂಕ ಹಾಕಲೇಬೇಡಿ. ಹಾಕಿದರೆ ಮಕ್ಕಳು ಪಕ್ಕದವರದ್ದು ನೋಡಿ ಬರೆಯುತ್ತಾರೆ.