ಊರಿನ ರಕ್ತಹೀನತೆಯನ್ನು ಊರವರೊಡನೆ ಎಣಿಸುವ ಕ್ರಮ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತು (2019-21) ಮಂಡ್ಯ ಜಿಲ್ಲೆಯ ಮಹಿಳೆಯರ ರಕ್ತಹೀನತೆಯ ಪ್ರಮಾಣವನ್ನು ಅಂದಾಜಿಸಿದೆ. ಆದರೆ ಅದರ ಮಾದರಿ ಜಿಲ್ಲೆಯ ಮಟ್ಟದ್ದಾದುದರಿಂದ, ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಎಷ್ಟು ಗರ್ಭಿಣಿಯರಿಗೆ ರಕ್ತ ಕಡಿಮೆಯಿದೆ ಎಂಬುದು ಅದರಿಂದ ತಿಳಿಯದು. ಅದಕ್ಕೆ ಊರಿನಲ್ಲಿಯೇ ಎಣಿಸಬೇಕು; ಎಣಿಸುವವರು ಆಶಾ ಕಾರ್ಯಕರ್ತೆಯಾಗಲಿ, ವಿದ್ಯಾರ್ಥಿಯಾಗಲಿ, ಯಾರನ್ನು ಮತ್ತು ಏನನ್ನು ಎಣಿಸಬೇಕೆಂದು ಊರವರೊಡನೆ ಕುಳಿತು ತೀರ್ಮಾನಿಸಿದ ಮೇಲೆಯೇ ನಮೂನೆಯನ್ನು ಅಚ್ಚು ಹಾಕಿಸಬೇಕು.

ಸಂಜೆ ಡೇರಿಗೆ ಹಾಲು ಹಾಕಿದ ನಂತರದ ಹೊತ್ತು ಸಭೆಗೆ ಅನುಕೂಲ. ದೇವಸ್ಥಾನದ ಜಗಲಿಯಲ್ಲಿ ಒಂದೇ ಸಭೆ ಕರೆದರೆ ಎಲ್ಲ ಕೇರಿಯವರೂ ಬರುವುದಿಲ್ಲವಾದುದರಿಂದ, ಕೇರಿಗೊಂದರಂತೆ ಸಭೆ ನಡೆಸಿ, ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತಾ ಸಮಿತಿಯ ಸದಸ್ಯರನ್ನೂ ಅಲ್ಲಿಗೇ ಕರೆಯಿರಿ. ಹೆಂಗಸರು ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಮನೆಗಳನ್ನು ಗುರುತಿಸಲಿ. ಮತದಾರರ ಪಟ್ಟಿಯಲ್ಲಿಲ್ಲದ ಮನೆಗಳು ಆಗ ಬೆಳಕಿಗೆ ಬರುತ್ತವೆ.

ನಿಜವಾದ ಕಷ್ಟವಿರುವುದು ಛೇದದಲ್ಲಿ, ಅಂದರೆ ಒಟ್ಟು ಎಷ್ಟು ಜನರಲ್ಲಿ ಇಷ್ಟು ಎಂದು ಹೇಳುತ್ತಿದ್ದೇವೆ ಎಂಬಲ್ಲಿ. ನಮ್ಮ ಕಡೆ ಚೊಚ್ಚಲ ಬಸುರಿ ಹೆರಿಗೆಗೆ ತವರಿಗೆ ಹೋಗುತ್ತಾಳೆ. ಗಂಡನ ಊರಿನವರು ‘ತವರಿನಲ್ಲಿದ್ದಾಳೆ’ ಎಂದು ಬಿಡುತ್ತಾರೆ, ತವರಿನವರು ‘ಅವಳು ಆ ಊರಿನವಳು’ ಎನ್ನುತ್ತಾರೆ, ಹೀಗಾಗಿ ಅವಳು ಎರಡೂ ಪಟ್ಟಿಯಿಂದ ತಪ್ಪಿಹೋಗುತ್ತಾಳೆ, ಇಲ್ಲವೇ ಎರಡರಲ್ಲೂ ಸೇರಿಬಿಡುತ್ತಾಳೆ. ಎಣಿಕೆಯ ದಿನ ಹಿಂದಿನ ರಾತ್ರಿ ಯಾವ ಊರಿನಲ್ಲಿ ಮಲಗಿದ್ದಳೋ ಆ ಊರಿಗೆ ಸೇರಿಸುವುದೆಂದು ಮೊದಲೇ ನಿಯಮ ಮಾಡಿಕೊಂಡರೆ ಈ ಗೊಂದಲ ತೀರುತ್ತದೆ. ಕಬ್ಬು ಕಡಿಯಲು ಬಂದು ಗದ್ದೆಯಂಚಿನಲ್ಲಿ ಗುಡಿಸಲು ಹಾಕಿಕೊಂಡವರನ್ನೂ ಆಲೆಮನೆಯಲ್ಲಿ ದುಡಿಯುವವರ ಕುಟುಂಬಗಳನ್ನೂ ಇದೇ ನಿಯಮದಂತೆ ಸೇರಿಸಬೇಕು. ಇವರು ನಮ್ಮೂರಿನವರಲ್ಲ ಎಂಬ ಮಾತು ಸಭೆಯಲ್ಲಿ ಬಂದೇ ಬರುತ್ತದೆ. ಅದನ್ನು ಅಲ್ಲಿಯೇ ಚರ್ಚಿಸಿ ಮುಗಿಸುವುದು ಲೇಸು.

ಪ್ರಶ್ನೆಗಳನ್ನು ಸಂಘದ ಮೂರು ನಾಲ್ಕು ಹೆಂಗಸರ ಮುಂದೆ ಓದಿ ಪರೀಕ್ಷಿಸಿ. ಗರ್ಭಿಣಿಯರು ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ ಕನಿಷ್ಠ 180 ದಿನ ಕಬ್ಬಿಣಾಂಶದ ಮಾತ್ರೆ ನುಂಗಬೇಕೆಂಬುದು ಸರ್ಕಾರದ ಕಾರ್ಯಕ್ರಮದ ನಿಯಮ. ‘ಮಾತ್ರೆ ಕೊಟ್ಟರಾ?’ ಎಂದು ಕೇಳಿದರೆ ವಿತರಣೆಯ ಲೆಕ್ಕ ಸಿಗುತ್ತದೆ, ನುಂಗಿದ ಲೆಕ್ಕ ಸಿಗುವುದಿಲ್ಲ. ‘ನಿನ್ನೆ ನುಂಗಿದಿರಾ? ಇಲ್ಲವಾದರೆ ಏಕೆ?’ ಎಂದು ಕೇಳಿ, ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ, ಅತ್ತೆ ಬೇಡವೆಂದರು ಎಂಬ ಉತ್ತರಗಳನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಿ.

ರಕ್ತಪರೀಕ್ಷೆಯನ್ನು ತರಬೇತಿ ಪಡೆದವರೇ ಮಾಡಬೇಕು. ಬೆರಳನ್ನು ಗಟ್ಟಿಯಾಗಿ ಹಿಂಡಿದರೆ ಅಂಗಾಂಶದ ದ್ರವ ಬೆರೆತು ಹಿಮೋಗ್ಲೋಬಿನ್ ಇರುವುದಕ್ಕಿಂತ ಕಡಿಮೆ ತೋರಬಹುದು. ಗರ್ಭಿಣಿಯಲ್ಲಿ ಡೆಸಿಲೀಟರಿಗೆ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ, 7 ಗ್ರಾಂಗಿಂತ ಕಡಿಮೆಯಿದ್ದರೆ ತೀವ್ರ ರಕ್ತಹೀನತೆ. ತೀವ್ರವಾದವರನ್ನು ಅಂದೇ ಆಸ್ಪತ್ರೆಗೆ ಕಳುಹಿಸಬೇಕು. ಸಮೀಕ್ಷೆ ಮುಗಿಯಲೆಂದು ಕಾಯುವಂತಿಲ್ಲ.

ಸಣ್ಣ ಊರಿಗೆ ಶೇಕಡಾವಾರು ಲೆಕ್ಕ ಬೇಡ. 14 ಗರ್ಭಿಣಿಯರಲ್ಲಿ 7 ಜನರಿಗೆ ರಕ್ತ ಕಡಿಮೆಯಿದ್ದರೆ ಶೇ 50, ಇನ್ನೊಬ್ಬರು ಸೇರಿದರೆ ಶೇ 57; ಒಬ್ಬಾಕೆಯ ಬೆರಳಿನ ಒಂದು ಹನಿಯಿಂದ ಊರೇ ಹದಗೆಟ್ಟಂತೆ ಕಾಣುತ್ತದೆ. ‘14ರಲ್ಲಿ 7’ ಎಂದೇ ಬರೆಯಿರಿ. ಇಬ್ಬರೋ ಮೂವರೋ ಗರ್ಭಿಣಿಯರಿರುವ ಕೇರಿಯ ಅಂಕಿಯನ್ನು ಪ್ರತ್ಯೇಕವಾಗಿ ಪ್ರಕಟಿಸಿದರೆ ಹೆಸರು ಹೇಳಿದಂತೆಯೇ ಆಗುವುದರಿಂದ, ಅದನ್ನು ಊರಿನ ಒಟ್ಟು ಲೆಕ್ಕದಲ್ಲಿ ಸೇರಿಸಿ.

ಮೇಲಿನ ಕಚೇರಿಗೆ ವರದಿ ಕಳುಹಿಸುವ ಮೊದಲು ಅದೇ ಕೇರಿಗಳಿಗೆ ಮರಳಿ ಹೋಗಿ, ಅಂಕಿಗಳನ್ನು ಗಟ್ಟಿಯಾಗಿ ಓದಿ, ಹೀಗೇಕಿರಬಹುದೆಂದು ಕೇಳಿ. ಊಟವಾದ ಕೂಡಲೇ ಕಾಫಿ ಕುಡಿಯುವ ರೂಢಿ, ಮಾತ್ರೆ ಮುಗಿದ ವಾರಗಳು, ಎಲ್ಲರೂ ಉಂಡ ಮೇಲೆ ಉಣ್ಣುವ ಸೊಸೆ ಇವೆಲ್ಲ ಹೊರಬರುವುದು ಆಗಲೇ. ಅವರು ತಪ್ಪೆಂದು ತೋರಿಸಿದ ಅಂಕಿಯನ್ನು ಮನೆಗೆ ಹೋಗಿ ಮತ್ತೆ ಪರಿಶೀಲಿಸಿ, ತಿದ್ದಿದ್ದರೆ ಏನನ್ನು ತಿದ್ದಲಾಯಿತೆಂದು ವರದಿಯಲ್ಲಿ ನಮೂದಿಸಿ. ಹೆಸರುಗಳಿಲ್ಲದ ಒಂದು ಪ್ರತಿ ಅಂಗನವಾಡಿಯಲ್ಲಿಯೂ ಇರಲಿ.