ಒಂದೇ ಆ್ಯಪ್ ಸ್ಲೋ ಆದಾಗ ನಾನು ಏನು ಮಾಡಿದೆ

ಮಂಗಳೂರಿನ ಮನೆ, ಅಂಗಡಿಗಳಿಗೆ ವೈಫೈ, ಕ್ಯಾಮೆರಾ ಹಾಕಿಕೊಡುವುದು ನನ್ನ ಕೆಲಸ. 'ನೆಟ್ ಸ್ಲೋ' ಅಂತ ದಿನಾ ಫೋನ್ ಬರುತ್ತದೆ. ಹೆಚ್ಚಾಗಿ ರೂಟರ್ ಹಳೆಯದಾಗಿರುತ್ತದೆ, ಇಲ್ಲಾಂದ್ರೆ ಮಳೆಗೆ ಗೆಲ್ಲು ಬಿದ್ದು ಫೈಬರ್ ತುಂಡಾಗಿರುತ್ತದೆ. ಆದರೆ ಕಾವೂರಿನ ಒಂದು ಮನೆಯಲ್ಲಿ ಸ್ಪೀಡ್ ಟೆಸ್ಟ್ ಮಾಡಿದರೆ ಪೂರ್ತಿ ಸ್ಪೀಡ್ ಬರುತ್ತಿತ್ತು, ಉಳಿದ ಆ್ಯಪ್‌ಗಳೆಲ್ಲ ಸರಿ ಇದ್ದವು, ಒಂದು ವಿಡಿಯೋ ಆ್ಯಪ್ ಮಾತ್ರ ರಾತ್ರಿಯಾದರೆ ನಿಂತು ನಿಂತು ಓಡುತ್ತಿತ್ತು.

ಇಂಟರ್ನೆಟ್ ಕೊಡುವ ಕಂಪನಿ ಬೇಕೆಂದೇ ಹೀಗೆ ಮಾಡಿದರೆ ಅದು ನಿಯಮಕ್ಕೆ ವಿರುದ್ಧ. 2015ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಈ ಬಗ್ಗೆ ಜನರ ಅಭಿಪ್ರಾಯ ಕೇಳಿದಾಗ ಹತ್ತು ಲಕ್ಷಕ್ಕೂ ಜಾಸ್ತಿ ಇಮೇಲ್ ಹೋಗಿತ್ತು, ಅದರಲ್ಲಿ ನನ್ನದೂ ಒಂದು. 2016ರ ಫೆಬ್ರವರಿ 8ರಂದು ಒಂದೊಂದು ಸೈಟಿಗೆ ಒಂದೊಂದು ಡೇಟಾ ದರ ಇಡುವುದನ್ನು ಟ್ರಾಯ್ ನಿಷೇಧಿಸಿತು. ತಪ್ಪಿದರೆ ದಿನಕ್ಕೆ 50,000 ರೂಪಾಯಿ ದಂಡ, ಗರಿಷ್ಠ 50 ಲಕ್ಷ. ಕೆಲವೇ ಸೈಟುಗಳನ್ನು ಉಚಿತವಾಗಿ ಕೊಡುತ್ತಿದ್ದ ಫೇಸ್‌ಬುಕ್‌ನ ಫ್ರೀ ಬೇಸಿಕ್ಸ್ ಇಲ್ಲಿ ನಿಂತದ್ದು ಅದರಿಂದಲೇ. 2018ರಲ್ಲಿ ಒಂದು ಸೈಟನ್ನೋ ಆ್ಯಪನ್ನೋ ತಡೆಯುವುದು, ನಿಧಾನ ಮಾಡುವುದು ಕೂಡ ಬೇಡ ಎಂದು ಕೇಂದ್ರ ಸರ್ಕಾರ ಒಪ್ಪಿತು.

ನಿಯಮ ಇದೆ, ಸರಿ. ಸಾಕ್ಷಿ ಬೇಕಲ್ವಾ?

ನಾನು ಬಳಸಿದ್ದು ವೆಹೆ ಎಂಬ ಉಚಿತ ಆ್ಯಪ್. ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದವರು ಮಾಡಿದ್ದು. ಅದು ಆ ವಿಡಿಯೋ ಆ್ಯಪ್‌ನ ಡೇಟಾವನ್ನು ಒಮ್ಮೆ ಇದ್ದ ಹಾಗೆ ಓಡಿಸುತ್ತದೆ, ಇನ್ನೊಮ್ಮೆ ಒಳಗಿರುವುದು ಯಾವ ಆ್ಯಪ್‌ನದೆಂದು ಕಂಪನಿಗೆ ಗುರುತು ಸಿಗದಂತೆ ಬದಲಿಸಿ ಓಡಿಸುತ್ತದೆ. ಗುರುತು ಸಿಗದ್ದು ಬೇಗ, ಗುರುತು ಸಿಕ್ಕಿದ್ದು ನಿಧಾನ ಅಂತಾದರೆ ಅಲ್ಲೇ ಅನುಮಾನ. ಒಂದು ಸಲ ನೋಡಿದರೆ ಸಾಲದು. ಬೆಳಿಗ್ಗೆ, ರಾತ್ರಿ, ಬೇರೆ ಬೇರೆ ದಿನ, ಫೋನನ್ನು ರೂಟರ್ ಪಕ್ಕದಲ್ಲೇ ಇಟ್ಟು, ಮನೆಯ ಉಳಿದ ಫೋನುಗಳನ್ನು ವೈಫೈಯಿಂದ ತೆಗೆದು ನೋಡಬೇಕು. ಲೈನಿನಲ್ಲಿ ಜನ ಜಾಸ್ತಿಯಾದರೆ ಎಲ್ಲವೂ ನಿಧಾನ ಆಗುತ್ತದೆ, ಅದಕ್ಕೆ ದೂರು ಬೇರೆ. ವಿಪಿಎನ್ (ಡೇಟಾವನ್ನು ಬೇರೊಂದು ಸರ್ವರ್ ಮೂಲಕ ಗುಟ್ಟಾಗಿ ಕಳಿಸುವ ವ್ಯವಸ್ಥೆ) ಹಾಕಿದರೆ ಬೇಗ ಬರುತ್ತದೆ ಎಂಬುದನ್ನೇ ಸಾಕ್ಷಿ ಎಂದು ನಂಬಬೇಡಿ. ವಿಪಿಎನ್‌ನಲ್ಲಿ ಡೇಟಾ ಹೋಗುವ ದಾರಿಯೇ ಬದಲಾಗುತ್ತದೆ.

ಸ್ಕ್ರೀನ್‌ಶಾಟ್‌ಗಳನ್ನು ಸಮಯದ ಸಮೇತ ಜೋಡಿಸಿ ಮನೆಯವರ ಹೆಸರಿನಲ್ಲೇ ಕಂಪನಿಗೆ ದೂರು ಕೊಡಿಸಿದೆ. ಡಾಕೆಟ್ ನಂಬರ್, ಅಂದರೆ ದೂರಿನ ನಂಬರ್ ತೆಗೆದುಕೊಳ್ಳಲೇಬೇಕು, ಅದಿಲ್ಲದೆ ಮುಂದೆ ಹೋಗಲಿಕ್ಕೆ ಆಗುವುದಿಲ್ಲ. 'ರೂಟರ್ ಆಫ್ ಮಾಡಿ ಆನ್ ಮಾಡಿ' ಎಂಬ ಉತ್ತರ ಬಂತು. ಕಂಪನಿಯ ಮೇಲ್ಮನವಿ ವಿಭಾಗಕ್ಕೆ ಅದೇ ದಾಖಲೆ ಕಳಿಸಿದೆವು. ಸ್ವಲ್ಪ ಸಮಯದಲ್ಲಿ ವಿಡಿಯೋ ಸರಿಯಾಯಿತು. ಕಾರಣ ಯಾರೂ ಹೇಳಲಿಲ್ಲ. ಅಲ್ಲೂ ಆಗದಿದ್ದರೆ ದೂರಸಂಪರ್ಕ ಇಲಾಖೆಗೆ ಸರ್ಕಾರದ ದೂರು ಪೋರ್ಟಲ್‌ನಲ್ಲಿ ಬರೆಯಬಹುದು. ಒಬ್ಬೊಬ್ಬರ ದೂರನ್ನು ಟ್ರಾಯ್ ತೆಗೆದುಕೊಳ್ಳುವುದಿಲ್ಲ.

ಇಷ್ಟೆಲ್ಲ ಕಲಿತರೂ ನನ್ನ ಕೈಯಲ್ಲಿ ಆಗದ ದೂರು ಒಂದಿದೆ. ನಮ್ಮ ಮಂಗಳೂರು, ಉಡುಪಿ ಕಡೆ ಯಾವ ಮನೆಗೆ ಹೋದರೂ ಗಲ್ಫ್‌ನಲ್ಲಿ ಒಬ್ಬರಿರುತ್ತಾರೆ. "ಎಂತ ಮಾರಾಯಾ, ಮೆಸೇಜ್ ಬರ್ತದೆ, ಮಗನ ಮುಖ ನೋಡ್ಲಿಕ್ಕೆ ಆಗುದಿಲ್ಲ" ಎಂದು ಕೇಳಿದ ಅಮ್ಮಂದಿರು ಎಷ್ಟೋ ಮಂದಿ. ದುಬೈಯಲ್ಲಿ ವಾಟ್ಸ್‌ಆ್ಯಪ್ ಮೆಸೇಜ್‌ಗೆ ಅಡ್ಡಿಯಿಲ್ಲ, ಕರೆಗೆ ತಡೆ. ಅಲ್ಲಿ ಅನುಮತಿ ಇರುವ ಆ್ಯಪ್‌ಗಳಲ್ಲಿ ಮಾತ್ರ ಮಾತಾಡಬೇಕು. ಇಲ್ಲಿನ ವೈಫೈ ಎಷ್ಟೇ ಚೆನ್ನಾಗಿ ಹಾಕಿಕೊಟ್ಟರೂ ಏನು ಬಂತು? ಕರೆಯ ಒಂದು ತುದಿ ಟ್ರಾಯ್ ನಿಯಮದಲ್ಲಿದೆ, ಇನ್ನೊಂದು ತುದಿ ಇಲ್ಲ.

ಅದಕ್ಕೇ ದೇಶಗಳ ನಡುವೆ ಒಪ್ಪಂದ ಬೇಕು ಅನ್ನುತ್ತೇನೆ. ಯುರೋಪ್ ಒಕ್ಕೂಟ 2015ರಲ್ಲೇ ತನ್ನ ಎಲ್ಲ ದೇಶಗಳಿಗೂ ಇಂಥ ಒಂದೇ ನಿಯಮ ಮಾಡಿದೆ, ಹಾಗಾಗಿ ಅದು ಆಗದ ಕೆಲಸವಲ್ಲ. ಒಂದು ದೇಶದ ನಿಯಮ ಎಷ್ಟು ಗಟ್ಟಿ ಅಂತ ಅಮೆರಿಕದಲ್ಲೇ ಕಂಡಿದ್ದೇವೆ: ಇಂಥದೇ ನಿಯಮ 2015ರಲ್ಲಿ ಬಂತು, 2017ರಲ್ಲಿ ತೆಗೆದರು, 2024ರಲ್ಲಿ ಮತ್ತೆ ತಂದರು, 2025ರ ಜನವರಿಯಲ್ಲಿ ಕೋರ್ಟ್ ರದ್ದು ಮಾಡಿತು. ಆದರೆ ಇಂಟರ್ನೆಟ್ಟನ್ನೇ ಸರ್ಕಾರಗಳ ಕೈಗೆ ಕೊಡುವ ಒಪ್ಪಂದ ನನಗೆ ಬೇಡ. 2012ರಲ್ಲಿ ದುಬೈಯಲ್ಲೇ ನಡೆದ ದೂರಸಂಪರ್ಕ ಸಮ್ಮೇಳನದಲ್ಲಿ ಅದೇ ಭಯಕ್ಕೆ ಎಷ್ಟೋ ದೇಶಗಳು ಸಹಿ ಹಾಕಲಿಲ್ಲ.

2023ರಲ್ಲಿ ಟ್ರಾಯ್ ಕರೆ, ಮೆಸೇಜ್ ಆ್ಯಪ್‌ಗಳ ಬಗ್ಗೆ ಮತ್ತೆ ಅಭಿಪ್ರಾಯ ಕೇಳಿದಾಗ ಇದನ್ನೇ ಬರೆದು ಕಳಿಸಿದೆ: ತಡೆಯಬಾರದು, ನಿಧಾನ ಮಾಡಬಾರದು, ದುಡ್ಡು ಕೊಟ್ಟವರಿಗೆ ವೇಗದ ದಾರಿ ಕೊಡಬಾರದು ಎಂಬ ಮೂರು ಮಾತು ಎಲ್ಲ ದೇಶಗಳಿಗೂ ಒಂದೇ ಇರಲಿ, ಮತ್ತೆ ವೆಹೆಯಂಥ ಪರೀಕ್ಷೆಯ ಫಲಿತಾಂಶವನ್ನು ಪ್ರತಿ ದೇಶವೂ ಕಂಪನಿಯ ಹೆಸರು ಸಮೇತ ಪ್ರಕಟಿಸಲಿ.