‘ಬೇಕು’ ಮತ್ತು ‘ಲೇಬೇಕು’: ಎಯುಆರ್ ಪ್ಯಾಕೇಜ್ ನೋಡಿಕೊಂಡ ನನ್ನ ಅನುಭವ

ಆರ್ಚ್ ಲಿನಕ್ಸ್‌ನ ಎಯುಆರ್‌ಗೆ, ಅಂದರೆ ಬಳಕೆದಾರರೇ ತಂತ್ರಾಂಶದ ಪ್ಯಾಕೇಜುಗಳನ್ನು ಹಾಕುವ ಭಂಡಾರಕ್ಕೆ, ನಾನು ಹಾಕಿದ ಮೊದಲ ಪ್ಯಾಕೇಜ್ ಒಂದು ಕನ್ನಡ ಫಾಂಟ್. ಸೋರ್ಸ್ ಫೈಲಿನಿಂದ ಫಾಂಟ್‌ಫೋರ್ಜ್ ಎಂಬ ತಂತ್ರಾಂಶ ಬಳಸಿ ಟಿಟಿಎಫ್ ಫಾಂಟ್ ಫೈಲ್ ಮಾಡಬೇಕಿತ್ತು. ನನ್ನ ಲ್ಯಾಪ್‌ಟಾಪಿನಲ್ಲಿ ಸಲೀಸಾಗಿ ಬಿಲ್ಡ್ ಆಯಿತು. ಮಾರನೇ ದಿನವೇ ಗೆಳೆಯನೊಬ್ಬ ಬರೆದ: ‘ಫಾಂಟ್‌ಫೋರ್ಜ್, ಕಮಾಂಡ್ ನಾಟ್ ಫೌಂಡ್’ ಅಂತ ಬರ್ತಿದೆ. ನನ್ನ ಹತ್ತಿರ ಅದು ಮೊದಲೇ ಇತ್ತು ಅಲ್ವಾ, ಹಾಗಾಗಿ ಪಿಕೆಜಿಬಿಲ್ಡ್ (ಪ್ಯಾಕೇಜ್ ಹೇಗೆ ಕಟ್ಟಬೇಕು ಅಂತ ಹೇಳುವ ಫೈಲ್) ಒಳಗಿನ ಮೇಕ್‌ಡಿಪೆಂಡ್ಸ್ ಸಾಲಿಗೆ, ಅಂದರೆ ಬಿಲ್ಡ್ ಮಾಡಲು ಬೇಕಾದ ತಂತ್ರಾಂಶಗಳ ಪಟ್ಟಿಗೆ, ಸೇರಿಸುವುದೇ ಮರೆತಿದ್ದೆ.

ಆಮೇಲೆ ನಾಲ್ಕು ಜನ ಸೇರಿ ಇಂಥ ಕೆಲವು ಪ್ಯಾಕೇಜುಗಳನ್ನು ನೋಡಿಕೊಳ್ಳತೊಡಗಿದೆವು. ಆರ್ಚ್ ವಿಕಿಯಲ್ಲಿ ನಿಯಮಗಳು ಚೆನ್ನಾಗಿಯೇ ಇವೆ. ಆದರೂ ಒಬ್ಬೊಬ್ಬರು ಒಂದೊಂದು ತಪ್ಪು ಮಾಡುತ್ತಿದ್ದೆವು. ಹಾಗಾಗಿ ನಮ್ಮದೇ ಒಂದು ಪಟ್ಟಿ ಬರೆಯಲು ಕೂತೆ.

ಮೊದಲ ಆವೃತ್ತಿ ಐದು ಪುಟ. ಯಾರೂ ಓದಲಿಲ್ಲ. ಎರಡು ತಿಂಗಳಾದ ಮೇಲೆ ನೋಡಿದರೆ ನಾನೂ ಪಾಲಿಸುತ್ತಿರಲಿಲ್ಲ!

ಎಡವಿದ್ದು ಭಾಷೆಯಲ್ಲಿ. ಎಲ್ಲ ಸಾಲೂ ‘ಬೇಕು’ ಅಂತ ಮುಗಿಯುತ್ತಿತ್ತು. ಯಾವುದು ಕಡ್ಡಾಯ, ಯಾವುದು ಬರೀ ಸಲಹೆ ಅಂತ ಗೊತ್ತಾಗುತ್ತಿರಲಿಲ್ಲ. ಡೆಬಿಯನ್ ಎಂಬ ಇನ್ನೊಂದು ಲಿನಕ್ಸ್‌ನ ಪಾಲಿಸಿಯಲ್ಲಿ ಮಸ್ಟ್, ಶುಡ್, ಮೇ ಅಂತ ಮೂರು ಮೆಟ್ಟಿಲು ಇವೆ. ನಮಗೆ ಕನ್ನಡದಲ್ಲೇ ಅದು ಸಿಕ್ಕಿತು: ‘ಮಾಡಲೇಬೇಕು’, ‘ಮಾಡಿದರೆ ಒಳ್ಳೆಯದು’, ‘ನಿಮ್ಮಿಷ್ಟ’. ಹೀಗೆ ವಿಂಗಡಿಸಿದಾಗ ‘ಲೇಬೇಕು’ ಗುಂಪಿನಲ್ಲಿ ಉಳಿದದ್ದು ಏಳೇ ಏಳು.

ಎರಡನೇ ಬದಲಾವಣೆ, ಪ್ರತಿ ನಿಯಮದ ಕೆಳಗೆ ಕಾರಣ. ಉದಾಹರಣೆಗೆ ಇಪೋಕ್, ಅಂದರೆ ಆವೃತ್ತಿ ಸಂಖ್ಯೆಯ ಮುಂದೆ ಸೇರಿ, ಹೋಲಿಸುವಾಗ ಮೊದಲು ಲೆಕ್ಕಕ್ಕೆ ಬರುವ ಅಂಕಿ. ನಾವು ನೋಡಿಕೊಳ್ಳುತ್ತಿದ್ದ ಒಂದು ಸಣ್ಣ ಟೂಲಿನ ಆವೃತ್ತಿ ಸಂಖ್ಯೆ ಮೊದಲು ತಾರೀಖಿನಂತೆ ಇತ್ತು, 20190305 ಹೀಗೆ. ಆಮೇಲೆ ಅದನ್ನು ಬರೆದವರು 1.2 ಅಂತ ಶುರು ಮಾಡಿದರು. ಆರ್ಚ್‌ನಲ್ಲಿ ಪ್ಯಾಕೇಜ್ ಹಾಕುವ ತಂತ್ರಾಂಶ ಪ್ಯಾಕ್‌ಮನ್‌ಗೆ 1.2 ಚಿಕ್ಕದು, ಎರಡು ಕೋಟಿ ಚಿಲ್ಲರೆ ದೊಡ್ಡದು. ಹೊಸದು ಬಂದರೂ ಅದು ಹಳೆಯದನ್ನೇ ಹಿಡಿದುಕೊಂಡು ಕೂತಿತ್ತು. ಇಪೋಕ್ 1 ಅಂತ ಹಾಕಿದ ಮೇಲೆ ಆವೃತ್ತಿ 1:1.2-1 ಆಯಿತು, ಅಪ್‌ಡೇಟ್ ಹೋಯಿತು. ಕೆಲವು ವಾರ ಬಿಟ್ಟು ನಮ್ಮಲ್ಲೊಬ್ಬ ‘ಇದೇನು ಸುಮ್ನೆ’ ಅಂತ ಆ ಸಾಲು ತೆಗೆದ. ಮತ್ತೆ ಅದೇ ಕಥೆ. ಈಗ ಪಟ್ಟಿಯಲ್ಲಿ ಹೀಗಿದೆ: ‘ಇಪೋಕ್ ಒಮ್ಮೆ ಹಾಕಿದರೆ ತೆಗೆಯುವ ಹಾಗಿಲ್ಲ. ತೆಗೆದರೆ ಹೊಸ ಆವೃತ್ತಿ ಹಳೆಯದಾಗಿ ಕಾಣುತ್ತದೆ.’ ಅವನೇ ಬರೆದ ಸಾಲು.

ಇನ್ನೊಂದು ‘ಲೇಬೇಕು’: ಸೋರ್ಸ್ ಇಳಿಸಿಕೊಳ್ಳುವ ವಿಳಾಸ ಬದಲಾದರೆ ಕಮಿಟ್ ಸಂದೇಶದಲ್ಲಿ (ಬದಲಾವಣೆಯ ಜೊತೆ ಬರೆಯುವ ಟಿಪ್ಪಣಿಯಲ್ಲಿ) ಯಾಕೆ ಅಂತ ಹೇಳಲೇಬೇಕು. 2018ರ ಜುಲೈನಲ್ಲಿ ಎಯುಆರ್‌ನಲ್ಲಿ ನೋಡಿಕೊಳ್ಳುವವರಿಲ್ಲದ ಅಕ್ರೋರೀಡ್ (ಪಿಡಿಎಫ್ ಓದುವ ತಂತ್ರಾಂಶ) ಪ್ಯಾಕೇಜನ್ನು ಯಾರೋ ದತ್ತು ತೆಗೆದುಕೊಂಡು, ಹೊರಗಿನಿಂದ ಸ್ಕ್ರಿಪ್ಟ್ ಇಳಿಸಿ ಓಡಿಸುವ ಸಾಲು ಸೇರಿಸಿದ್ದರು. ಎಯುಆರ್‌ನಲ್ಲಿ ಅನಾಥ ಪ್ಯಾಕೇಜನ್ನು ಯಾರು ಬೇಕಾದರೂ ಪಡೆಯಬಹುದು. ಬೇರೆಯವರು ಓದಿ ಹಿಡಿಯಬೇಕು, ಅಷ್ಟೇ. ಓದುವವರಿಗೆ ನಾವು ಕಷ್ಟ ಕೊಡಬಾರದು.

ಯಂತ್ರ ಹಿಡಿಯುವ ತಪ್ಪಿಗೆ ನಿಯಮ ಬರೆಯುವುದನ್ನು ಬಿಟ್ಟೆ. ಪ್ಯಾಕೇಜಿನ ತಪ್ಪು ಹುಡುಕುವ ನ್ಯಾಮ್‌ಕ್ಯಾಪ್ ಓಡಿಸಿ, ಕ್ಲೀನ್ ಕ್ರೂಟ್‌ನಲ್ಲಿ (ಮೂಲ ಪ್ಯಾಕೇಜುಗಳಷ್ಟೇ ಇರುವ ಪ್ರತ್ಯೇಕ ಜಾಗದಲ್ಲಿ) ಬಿಲ್ಡ್ ಮಾಡಿ. ನನ್ನ ಫಾಂಟ್‌ಫೋರ್ಜ್ ಎಡವಟ್ಟು ಅಲ್ಲೇ ಸಿಕ್ಕಿಬೀಳುತ್ತಿತ್ತು. ಪ್ಯಾಕೇಜಿನ ವಿವರಗಳನ್ನು ಎಯುಆರ್‌ಗೆ ತಿಳಿಸುವ ಡಾಟ್‌ಎಸ್‌ಆರ್‌ಸಿಇನ್ಫೋ ಫೈಲ್ ಮಾತ್ರ ಜಾಸ್ತಿ ಕಾಡಿತು. ಪಿಕೆಜಿಬಿಲ್ಡ್ ಬದಲಿಸಿ ಇದನ್ನು ಮರೆತರೆ ಎಯುಆರ್ ಪುಟದಲ್ಲಿ ಹಳೆಯ ಆವೃತ್ತಿಯೇ ಕಾಣುತ್ತದೆ. ಕೊನೆಗೆ ಒಂದು ಗಿಟ್ ಹುಕ್ (ಕಮಿಟ್ ಮಾಡುವಾಗ ತಾನಾಗಿ ಓಡುವ ಸ್ಕ್ರಿಪ್ಟ್) ಬರೆದೆ, ಆ ನಿಯಮವೂ ಹೋಯಿತು.

ಹೋದ ತಿಂಗಳು ಹೊಸಬಳೊಬ್ಬಳು ಕೇಳಿದಳು: ‘ಫಾಂಟ್ ಹಾಕಿದ ಮೇಲೆ ಎಫ್‌ಸಿ-ಕ್ಯಾಶ್ ಓಡಿಸಲೇಬೇಕು ಅಂತಿದೆಯಲ್ಲ, ಕಾರಣ ಬರೆದೇ ಇಲ್ಲ?’ ಹುಡುಕಿದೆ. ಎಫ್‌ಸಿ-ಕ್ಯಾಶ್ ಅಂದರೆ ಫಾಂಟ್‌ಗಳ ಪಟ್ಟಿಯನ್ನು ಹೊಸದು ಮಾಡುವ ಕಮಾಂಡ್. ಫಾಂಟ್‌ಕಾನ್ಫಿಗ್ ಪ್ಯಾಕೇಜಿನ ಪ್ಯಾಕ್‌ಮನ್ ಹುಕ್ ಆ ಕೆಲಸವನ್ನು ತಾನೇ ಮಾಡುತ್ತದೆ. ನಾನೇ ಯಾವುದೋ ಹಳೆಯ ಪಿಕೆಜಿಬಿಲ್ಡ್‌ನಿಂದ ನಕಲು ಹೊಡೆದಿದ್ದೆ. ಅಳಿಸಿದೆವು. ಈಗ ಏಳರಲ್ಲಿ ಆರು ಉಳಿದಿವೆ.